ಅಪ್ಪ ಕಲಿಸಿದ ಗಂಟು

“ನನ್ನ ಲಾರಿ ಬಿಟ್ಕೊಂಡು ಹೋದೋನು ಯಾವನೋ?” ಎಂದು ಐಸಿಯುವಿನ ಚಾವಣಿಯನ್ನು ಕೇಳುತ್ತಲೇ ಮುದಿ ಡ್ರೈವರು ನರ್ಸಮ್ಮನ ಬಾಯಿಗೆ ಗುದ್ದಿದ. ಕಾಲಿನ ಹುಣ್ಣಿನ ನಂಜು ರಕ್ತಕ್ಕೇರಿ ತಲೆ ಕೆಡಿಸಿತ್ತು. ಮಂಚಕ್ಕೆ ಪಟ್ಟಿಯಿಂದ ಕಟ್ಟಿದ್ದ ಅವನ ಬಲಗೈಯನ್ನು ಪಾಪ ಎಂದು ಬಿಚ್ಚಿದವಳು ಮಗಳೇ. ಬಿಚ್ಚಿದ ಕೈ ಕುತ್ತಿಗೆಗೆ ಚುಚ್ಚಿದ್ದ ನಳಿಕೆಯನ್ನು ಕಿತ್ತೆಸೆದಿತ್ತು, ಬಿ.ಪಿ. ಬೀಳದಂತೆ ಹಿಡಿದಿದ್ದ ಔಷಧ ಹೋಗುತ್ತಿದ್ದುದೇ ಅದರಲ್ಲಿ.

ರಕ್ತ ದಿಂಬಿಗೆ ಚಿಮ್ಮಿತು. ಡಾಕ್ಟರು ಕುತ್ತಿಗೆ ಅದುಮಿ ಹಿಡಿದರು. ಒಡೆದ ತುಟಿಯ ನರ್ಸಮ್ಮ ಅವನ ಎಡತೋಳಿಗೆ ಹೊಸ ಸೂಜಿ ಚುಚ್ಚುತ್ತ ಕೂಗಿದಳು: “ಬಿ.ಪಿ. ಐವತ್ತು! ಇದನ್ನೂ ಕಿತ್ರೆ ನಿಮ್ಮಪ್ಪ ಉಳಿಯಲ್ಲ. ಕೈ ಕಟ್ಟು, ತಾಯಿ!”

ಮಗಳು ಆ ಬಲಗೈಯನ್ನು ಮೈಭಾರ ಬಿಟ್ಟು ಅದುಮಿ, ಪಟ್ಟಿಯನ್ನು ಮತ್ತೆ ಮಂಚದ ಕಂಬಿಗೆ ಸುತ್ತಿ, ಲಾರಿಯ ಹೊರೆಗೆ ಹಾಕುವ ಗಂಟು ಹಾಕಿದಳು. ಎಷ್ಟು ಎಳೆದರೂ ಜಾರದ ಗಂಟು ಅದು.

ಔಷಧ ಮೈಗೇರಿತು. ಅವನು ಎಳೆದ, ಒದ್ದಾಡಿದ, ಮತ್ತೆ ಎಳೆದ. ಆಮೇಲೆ ಆ ಗಂಟನ್ನೇ ದಿಟ್ಟಿಸಿ, ಮೂರು ದಿನದಲ್ಲಿ ಮೊದಲ ಸಲ ಮಗಳ ಮುಖ ನೋಡಿದ.

“ಇದು ನಾನು ಕಲ್ಸಿದ್ದಲ್ವೇನೇ, ಪುಟ್ಟೀ?”

“ಹೂಂ, ಅಪ್ಪ.”

“ಕೈ ನೋಯ್ತಿದೆ. ಬಿಚ್ಚಮ್ಮ.”

“ಬಿಚ್ಚಲ್ಲ.”