ಎರಡನೇ ಬೆಟ್ಟ

ಮೊದಲನೇ ಬೆಟ್ಟದ ನೆತ್ತಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳಲು ತೋಳೆತ್ತಿದಾಗಲೇ ವನಿತಾಗೆ ಗೊತ್ತಾದದ್ದು, ತಾನು ಹಾಲು ಕರೆಯುವ ಅಂಗಿಯನ್ನೇ ತೊಟ್ಟು ಬಂದಿದ್ದೇನೆ ಎಂದು. ಗಂಡನ ಹಳೇ ಚೌಕಳಿ ಅಂಗಿ. ದಿನಾ ಎರಡು ಹೊತ್ತು ಸೀರೆಯ ಮೇಲೆ ಅದನ್ನು ಏರಿಸಿಕೊಂಡೇ ಹಸುವಿನ ಪಕ್ಕ ಕೂರುವುದು. ಬೂಸಾ, ಸಗಣಿ, ಹಾಲು ಎಲ್ಲ ಬೆರೆತ ಅದರ ವಾಸನೆ ಬಡಿಯದಿದ್ದರೆ ಅವರ ಸೀಮೆಹಸು ರಾಣಿ ಯಾರಿಗೂ ಹಾಲು ಬಿಡುವುದಿಲ್ಲ. ಸಂಜೆ ಗಂಡ ಮುನೀಂದ್ರ ಇದೇ ಅಂಗಿ ತೊಟ್ಟು ರಾಣಿಯನ್ನು ಏಮಾರಿಸಬೇಕು ಅಂತ ಮಾತಾಗಿತ್ತು. ಬೆಳಗಿನ ಹಾಲು ಕರೆದವಳು ಬೆಟ್ಟದ ಸಡಗರದಲ್ಲಿ ಅದನ್ನು ಬಿಚ್ಚಿಡುವುದನ್ನೇ ಮರೆತಿದ್ದಳು.

ಈ ಒಂದು ದಿನಕ್ಕೆ ಆಕೆ ಎಷ್ಟು ವರ್ಷ ಕಾದಿದ್ದಳು ಅಂತೀರಿ! ಕಾಮಸಮುದ್ರದ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅಂಗಳದಲ್ಲಿ ನಿಂತರೆ ಕಾಣುವುದು ಈ ಮೊದಲನೇ ಬೆಟ್ಟ. ಇದರ ಬೆನ್ನಿಗೆ ಇನ್ನೊಂದಿದೆ, ಅದನ್ನು ಹತ್ತಿದರೆ ಆ ಕಡೆಯ ಸೀಮೆಯೆಲ್ಲ ಕಾಣುತ್ತದೆ ಅಂತ ಕೇಳಿದ್ದಳಷ್ಟೇ. ಹೆಂಗಸು ಕಾಡಿಗೆ ಹೋದರೆ ಕುಡುಗೋಲು ಹಿಡಿದು ಹುಲ್ಲಿಗೆ ಹೋಗಬೇಕು, ಇಲ್ಲ ತಪ್ಪಿಸಿಕೊಂಡ ಮೇಕೆ ಹುಡುಕಲು ಹೋಗಬೇಕು. ಬರಿಗೈಲಿ ಹೋಗಿ ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದಾಗ ಬೀದಿಯವರೆಲ್ಲ ಕೇಳಿದ್ದು ಒಂದೇ, ಅಲ್ಲೇನೈತೆ ಅಂತ. ಮುನೀಂದ್ರನೂ ಅದನ್ನೇ ಕೇಳಿದ. ವಾರವೆಲ್ಲ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವನಿಗೆ, ಇರುವ ಒಂದು ಭಾನುವಾರವೂ ಕೊಟ್ಟಿಗೆಯಲ್ಲಿ ಕಳೆಯಬೇಕಲ್ಲ ಅನ್ನುವ ಸಂಕಟ ಬೇರೆ. ಆನೆಗಳು ತಮಿಳುನಾಡಿನ ಕಡೆಗೆ ಇಳಿದುಹೋಗಿವೆ ಎಂದು ಅರಣ್ಯದ ವಾಚರ್ ಹೇಳಿದ್ದೇ ತಡ, ವನಿತಾ ಬುತ್ತಿ ಕಟ್ಟಿಕೊಂಡು ಹೊರಟುಬಿಟ್ಟಿದ್ದಳು.

ಈಗ ಹಿಂದಿರುಗಿದರೆ ಹಾಲಿನ ಹೊತ್ತಿಗೆ ಮನೆ ಸೇರಬಹುದು. ಮುಂದೆ ಹೋದರೆ ಎರಡನೇ ಬೆಟ್ಟ. ಅದು ಕಣಿವೆಯಾಚೆ ಹಸಿರು ಹೊದ್ದು, ನೀನೆಲ್ಲಿ ಬರ್ತೀಯ ಬಿಡು ಅನ್ನುವ ಹಾಗೆ ಕೂತಿತ್ತು. ಫೋನು ತೆಗೆದರೆ ಸಿಗ್ನಲ್ ಇಲ್ಲ. ಚಿತ್ರಾನ್ನ ಬಿಚ್ಚಿದಳು. ಕೆಚ್ಚಲು ಬಿಗಿದು ರಾಣಿ ಒದ್ದಾಡುತ್ತದಲ್ಲ ಅನ್ನಿಸಿದರೂ, ತಿನ್ನುತ್ತಾ ತಿನ್ನುತ್ತಾ ಸಿಟ್ಟೂ ಬಂತು. ಮನೆಯಲ್ಲಿ ಗಂಡ ಇದ್ದಾನೆ, ಅತ್ತೆ ಇದ್ದಾಳೆ, ಇಬ್ಬರೂ ಸೇರಿ ಒಂದು ಹಸುವನ್ನು ಒಲಿಸಿಕೊಳ್ಳಲಾರರೇ? ಕೈ ತೊಳೆದುಕೊಂಡು ಕಣಿವೆಗೆ ಇಳಿದಳು.

ಲಂಟಾನದ ಪೊದೆಗಳಲ್ಲಿ ನುಗ್ಗುವಾಗ ಆ ಅಂಗಿಯ ತೋಳೇ ಅವಳ ಕೈಗಳನ್ನು ಕಾಪಾಡಿತು. ಏದುಸಿರು ಬಿಡುತ್ತಾ ಎರಡನೇ ನೆತ್ತಿಗೆ ಕಾಲಿಟ್ಟಳೋ ಇಲ್ಲವೋ, ಫೋನು ಬಡಿದುಕೊಂಡಿತು. ಮುನೀಂದ್ರ. ಅವಳ ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದನಂತೆ. ರಾಣಿ ಒಂದು ಸಲ ಮೂಸಿ ನೋಡಿ ಬಕೆಟ್ಟನ್ನು ಬಾಗಿಲ ತನಕ ಒದ್ದಿತಂತೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದಾರಂತೆ.

“ನೀನೇ ಏನಾರ ಮಾತಾಡೇ ಅದ್ರತ್ರ. ಸ್ಪೀಕರ್ ಆಕ್ತೀನಿ,” ಅಂದ.

ವನಿತಾ ನನ್ನವ್ವ, ನನ್ನ ಬಂಗಾರ ಅಂತ ಮುದ್ದು ಮಾಡಿದಳು. ರಾಣಿ ಕಿವಿ ನಿಮಿರಿಸಿತಂತೆ, ಹಾಲು ಮಾತ್ರ ಬಿಡಲಿಲ್ಲ. ಆಗ ಅತ್ತೆ ಪಾಪಕ್ಕನ ದನಿ ಕೇಳಿತು.

“ಅಂಗಲ್ಲಮ್ಮ. ದಿನಾ ಅದ್ರ ಅತ್ರ ಏನು ಗೊಣಗ್ತೀಯೋ ಅದನ್ನೇ ಗೊಣಗು. ಅದನ್ನ ಕೇಳಿದ್ರೇನೇ ಆಲು ಬಿಡೋದು ಅದು.”

ವನಿತಾ ನಾಲಿಗೆ ಕಚ್ಚಿಕೊಂಡಳು. ದಿನಾ ರಾಣಿಯ ಹೊಟ್ಟೆಗೆ ಹಣೆಯಿಟ್ಟು ಆಡುವ ಮಾತುಗಳು ತನ್ನ ಮತ್ತು ಹಸುವಿನ ನಡುವೆ ಮಾತ್ರ ಇರಲಿ ಅಂತ ಆಡಿದಂಥವು. ಅತ್ತೆಗೆ ಅವು ಕೇಳಿಸುತ್ತಿದ್ದವೆಂದು ಇವತ್ತೇ ತಿಳಿದದ್ದು. ನಾಚಿಕೆಯಾಯಿತು. ಆದರೆ ಗಂಡ ಅಷ್ಟು ದೂರದಲ್ಲಿದ್ದ, ಅವಳು ಅಷ್ಟು ಎತ್ತರದಲ್ಲಿದ್ದಳು. ಧೈರ್ಯ ತಾನಾಗೇ ಬಂತು.

“ನೋಡೇ ರಾಣಿ, ನಿನ್ ಪಕ್ದಲ್ಲಿ ಕೂತವ್ನಲ್ಲ ಈವಯ್ಯ, ಒಂದಿನ ಆದ್ರೂ ಉಂಡ್ಯಾ ಅಂತ ಕೇಳವ್ನಾ ನನ್ನ? ಸಾರಿಗೆ ಉಪ್ಪು ಕಮ್ಮಿ ಅನ್ನೋಕೆ ಮಾತ್ರ ಬಾಯೈತೆ. ಬೆಂಗ್ಳೂರು ತೋರಿಸ್ತೀನಿ ಅಂತ ಕಟ್ಕೊಂಡ, ಬಂಗಾರಪೇಟೆ ಸ್ಟೇಷನ್ ದಾಟಿಸಿಲ್ಲ ಇನ್ನೂ…”

ಸುರ್ ಎಂದು ಬಕೆಟ್ಟಿಗೆ ಹಾಲು ಬಿದ್ದ ಸದ್ದು ಬೆಟ್ಟದ ಮೇಲೆ ಕೇಳಿಸಿತು. ವನಿತಾ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಾಲೂ ನಿಲ್ಲುತ್ತಿತ್ತು. ತವರಿಗೆ ಕಳಿಸದ ಹಬ್ಬ, ಜ್ವರ ಬಂದಾಗಲೂ ತೊಳೆದ ಪಾತ್ರೆ, ಎಲ್ಲವೂ ಸಾಲಾಗಿ ಬಂದವು. ನಡುವೆ ಅತ್ತೆಯ ಸರದಿಯೂ ಬಂತು. ಪಾಪಕ್ಕ ಬಿದ್ದು ಬಿದ್ದು ನಕ್ಕಳು. ಮುನೀಂದ್ರ ಹಾಲು ಕರೆಯುತ್ತಲೇ ಇದ್ದ. ಪಾಪ, ಕೈ ತುಂಬ ಕೆಲಸ, ಎದ್ದು ಹೋಗುವಂತೆಯೂ ಇಲ್ಲ. ಬಕೆಟ್ಟು ತುಂಬಿದ ಮೇಲೆ ವನಿತಾ ಫೋನು ಆರಿಸಿ ಆಚೆ ಕಡೆಗೆ ತಿರುಗಿದಳು. ಅಲ್ಲಿ ಕಂಡದ್ದನ್ನು ನೋಡಿ ಒಬ್ಬಳೇ ಜೋರಾಗಿ ನಕ್ಕಳು. ಎದೆ ಹಗುರಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಗ ಮುನೀಂದ್ರ ಜಗಲಿಯ ಮೇಲೆ ಕೂತಿದ್ದ. ಅವಳ ಮುಖ ನೋಡದೆ ಕೇಳಿದ.

“ಉಂಡ್ಯಾ?”

ಒಳಗೆ ಪಾಪಕ್ಕ ಕಿಸಕ್ಕೆಂದಳು. ವನಿತಾ ನಗು ತಡೆದುಕೊಂಡು, ಊಟಕ್ಕೆ ಹಾಕಿದರೆ ಉಣ್ಣುತ್ತೇನೆ ಅಂದಳು. ಅವನು ಎದ್ದು ಎರಡು ಹೆಜ್ಜೆ ಇಟ್ಟು, ಅನುಮಾನ ಬಂದು ನಿಂತ.

“ಅಲ್ಲಾ, ಇನ್ನೂ ಏನಾರ ಬಾಕಿ ಐತಾ?”

ವನಿತಾ ಚೌಕಳಿ ಅಂಗಿ ಬಿಚ್ಚಿ, ಕೊಡವಿ, ಅವನಿಗೆ ಕಾಣುವ ಹಾಗೆ ಕೊಟ್ಟಿಗೆಯ ಗೂಟಕ್ಕೆ ತಗುಲಿಸಿದಳು.

“ಐತೆ. ಆ ಕಡೆ ಇನ್ನೊಂದು ಬೆಟ್ಟ.”