ಬಾವಿಯ ಪುಸ್ತಕ ಯಾವ ಸಾಲಿಗೆ?

ಐದನೆಯ ಪುಸ್ತಕಕ್ಕೆ ಕುಸುಮ ಬರೆದಿದ್ದ ನಂಬರು ನೋಡಿ ಮಹದೇವಪ್ರಸಾದ್ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟರು. ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಗ್ರಂಥಾಲಯ ವಿಜ್ಞಾನದ ಮೇಷ್ಟರು ಅವರು. ಅಂದು ನಡೆಯುತ್ತಿದ್ದದ್ದು ವರ್ಗೀಕರಣದ ಪ್ರಾಕ್ಟಿಕಲ್ ಪರೀಕ್ಷೆ. ಬೆನ್ನಿನ ಮೇಲಿನ ನಂಬರಿಗೆ ಕಾಗದ ಅಂಟಿಸಿ ಮುಚ್ಚಿದ ಐದು ಪುಸ್ತಕ ಕೊಡುತ್ತಾರೆ. ಯಾವುದು ಯಾವ ವಿಷಯದ ಸಾಲಿಗೆ ಸೇರಬೇಕೆಂದು ವಿದ್ಯಾರ್ಥಿಯೇ ನಂಬರು ಬರೆಯಬೇಕು. ಬರುವ ವರ್ಷದ ಹೊಸ ಸಿಲೆಬಸ್ಸಿನಲ್ಲಿ ಈ ಪರೀಕ್ಷೆಯೇ ಇಲ್ಲ. ಕುಸುಮಳದೇ ಕೊನೆಯ ಬ್ಯಾಚು.

"ಇದನ್ನ ಇತಿಹಾಸಕ್ಕೆ ಹಾಕಿದೀಯಲ್ಲಮ್ಮ. ಸಮಾಜ ಕಲ್ಯಾಣ ಅಂತ ಪಾಠ ಮಾಡಿದ್ದು ನೆನಪಿಲ್ವಾ?"

"ಗ್ಯಾಪ್ಕ ಅದೆ ಸಾ."

"ಮತ್ತೆ?"

"ಗ್ಯಾಪ್ಕ ಇಟ್ಕಂಡೇ ಬರ್ದಿವ್ನಿ."

ಪುಸ್ತಕ ತೆಳ್ಳಗಿತ್ತು. ಯಳಂದೂರು ಸೀಮೆಯ ಒಂದು ದಲಿತ ಕೇರಿಯ ಹೆಂಗಸರು ತಮಗೆ ಮುಟ್ಟಗೊಡದ ಊರಿನ ಬಾವಿಗೆ ಹಗ್ಗ ಇಳಿಬಿಟ್ಟು ನೀರು ಸೇದಿದ ನಿಜ ಕಥೆ. ಓದುಗರ ಬಳಗವೊಂದು ಚಂದಾ ಎತ್ತಿ ಅಚ್ಚು ಹಾಕಿಸಿದ್ದು. ಮೈಸೂರಿನಿಂದ ಬಂದಿದ್ದ ಹೊರಗಿನ ಪರೀಕ್ಷಕಿ ವಿಜಯಮ್ಮ ಅದನ್ನು ಕೈಗೆತ್ತಿಕೊಂಡು ಎರಡು ಪುಟ ತಿರುವಿದರು.

"ನಿಮ್ಮ ಕಡೆಯದೇ ಅಲ್ವೇನಮ್ಮ? ನಿಮ್ಮಜ್ಜಿ ಇದಾರಾ ಇದರಲ್ಲಿ?"

"ಇಲ್ಲ ಮೇಡಂ. ನಮ್ಮಜ್ಜಿ ಅವತ್ತು ಎದ್ರುಕಂಡು ಮನೇಲೇ ಕುಂತಿದ್ಲಂತೆ." ವಿಜಯಮ್ಮ ನಕ್ಕರು. ಕುಸುಮ ನಗಲಿಲ್ಲ. "ಓಗಿದ್ದೋರು ಅವ್ರೇ ಓಗಿ ಸೇದ್ಕಂಡ್ರು ಮೇಡಂ. ಅವ್ರಿಗೆ ಯಾರೂ ಕಲ್ಯಾಣ ಮಾಡ್ನಿಲ್ಲ. ಅದ್ಕೇ ಆ ಸಾಲ್ಗೆ ಆಕ್ನಿಲ್ಲ."

ಮಹದೇವಪ್ರಸಾದ್ ಸಮಾಧಾನದಿಂದಲೇ ಹೇಳಿದರು. "ನೋಡಮ್ಮ, ನಮ್ಮ ಮೇಷ್ಟ್ರ ಕಾಲದ ಸಿಲೆಬಸ್ಸಲ್ಲಿ ಇಂಥವನ್ನ ಧರ್ಮದ ಸಾಲಿಗೆ ಹಾಕಿಸ್ತಿದ್ರು. ಹಿಂದೂ ಧರ್ಮ, ಅದರೊಳಗೆ ಜಾತಿ ಪದ್ಧತಿ. ನಾನು ಓದೋ ಹೊತ್ತಿಗೆ ಸಿಲೆಬಸ್ ಬದಲಾಗಿ ಸಮಾಜ ಕಲ್ಯಾಣಕ್ಕೆ ಬಂತು. ಆ ಸಾಲಲ್ಲಿ ಅನಾಥಾಲಯ, ಬರ ಪರಿಹಾರ, ಆಮೇಲೆ ಇದು. ಅಷ್ಟು ಮುಂದೆ ಬಂದಿದೀವಲ್ಲ."

ಎರಡು ತಲೆಮಾರು ಪಾಠ ಮಾಡಿದ ಮೇಲೂ ವಿಶ್ವವಿದ್ಯಾಲಯಕ್ಕೆ ಆ ಹೆಂಗಸರು ಒಂದು ಸಲ ದೇವರ ಕಟ್ಟಳೆಯಾಗಿ ಕಂಡಿದ್ದರು, ಇನ್ನೊಂದು ಸಲ ಸರ್ಕಾರದ ಹೊರೆಯಾಗಿ. ಹಗ್ಗ ಹಿಡಿದ ಕೈಗಳಾಗಿ ಕಂಡಿರಲಿಲ್ಲ.

ಆದರೆ ಕುಸುಮಳ ಉಳಿದ ನಾಲ್ಕು ಉತ್ತರಗಳಲ್ಲಿ ಎರಡು ನಿಜವಾಗಿಯೂ ತಪ್ಪಾಗಿದ್ದವು. ರೇಷ್ಮೆ ಹುಳು ಸಾಕಣೆಯ ಪುಸ್ತಕವನ್ನು ಬೇಸಾಯದ ಸಾಲಿಗೆ ಸೇರಿಸುವ ಬದಲು ನೇಯ್ಗೆಯ ಸಾಲಿಗೆ ಸೇರಿಸಿದ್ದಳು. ಕೊಳ್ಳೇಗಾಲದಲ್ಲಿ ಓದಿದವಳಿಗೆ ರೇಷ್ಮೆ ಎಂದರೆ ಮೊದಲು ಕೇಳುವುದು ಮಗ್ಗದ ಸದ್ದು. ಈಗ ಬಾವಿಯ ಪುಸ್ತಕದ ಅಂಕ ಸಿಕ್ಕರೆ ಪಾಸು, ಇಲ್ಲವಾದರೆ ಫೇಲು. ಅವಳು ಅರ್ಜಿ ಹಾಕಿದ್ದ ಹೊನ್ನೂರಿನ ಪಂಚಾಯಿತಿ ಗ್ರಂಥಾಲಯದ ಕೆಲಸಕ್ಕೆ ಇದೇ ತಿಂಗಳು ಪಾಸಾದ ಪತ್ರ ತೋರಿಸಬೇಕು. ಮರುಪರೀಕ್ಷೆ ನಡೆಯುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಇದು ಮೂವರಿಗೂ ಗೊತ್ತಿತ್ತು.

"ಇನ್ನೂ ಟೈಮಿದೆ," ಎಂದರು ವಿಜಯಮ್ಮ. "ಹೊಡೆದು ಹಾಕಿ ಬೇರೆ ನಂಬರ್ ಬರೀಬಹುದು. ನಾವು ಟೀ ಕುಡಿದು ಬರ್ತೀವಿ."

ಟೀ ಕುಡಿದು ಬಂದರು. ನಂಬರು ಹಾಗೆಯೇ ಇತ್ತು. ಶಾಯಿ ತೆಳುವಾಗಿದೆಯೆಂದು ಅದರ ಮೇಲೆಯೇ ತಿದ್ದಿ ದಪ್ಪ ಮಾಡಿದ್ದಳು ಅಷ್ಟೆ. ಅವಳು ಹೊರಗೆ ಹೋದ ಮೇಲೆ ವಿಜಯಮ್ಮ ಉತ್ತರ ಪತ್ರಿಕೆಯನ್ನು ಮೇಷ್ಟರ ಕಡೆ ಸರಿಸಿದರು.

"ನಿಮ್ಮ ವಿದ್ಯಾರ್ಥಿನಿ. ನೀವು ಸರಿ ಅಂದ್ರೆ ನಾನೂ ಸಹಿ ಹಾಕ್ತೀನಿ."

ಮಹದೇವಪ್ರಸಾದ್ ಕೆಂಪು ಪೆನ್ನು ಎತ್ತಿಕೊಂಡರು. "ಅವಳು ಹೇಳಿದ್ದು ಸರಿಯೇ ಮೇಡಂ. ಆದ್ರೆ ಸಿಲೆಬಸ್ಸಲ್ಲಿ ಹಂಗಿಲ್ವಲ್ಲ. ನಾಳೆ ಯಾರಾದ್ರೂ ಎತ್ತಿ ಆಡಿದ್ರೆ?" ಸೊನ್ನೆ ಬರೆದರು. ಇಬ್ಬರೂ ಸಹಿ ಹಾಕಿದರು. ಲಕೋಟೆಗೆ ಅರಗು ಬಿತ್ತು.

ಸಂಜೆ ಕುಸುಮ ಕಾಲೇಜಿನ ಮುಂದೆ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದಾಗ ಮೇಷ್ಟರು ಬೇಗ ಬೇಗ ಹೆಜ್ಜೆ ಹಾಕುತ್ತ ಬಂದರು. ಮುಖದಲ್ಲಿ ಏನೋ ಗೆಲುವಿತ್ತು.

"ಇನ್ಮೇಲೆ ಹುಡುಗ್ರು ನಂಬರ್ ಯೋಚನೆ ಮಾಡಂಗೇ ಇಲ್ಲ ಕಣಮ್ಮ. ಹೊಸ ಸಿಲೆಬಸ್ಸಲ್ಲಿ ಎಲ್ಲ ಕಂಪ್ಯೂಟರಿಂದ ಇಳಿಸ್ಕೊಳ್ಳೋದು."

"ಕಂಪ್ಯೂಟ್ರುಗೆ ಯಾರು ಏಳ್ಕೊಡದು ಸಾ?"

"ಈ ಕಡೆ ಪುಸ್ತಕಗಳಿಗೆ ನಾನೇ. ಅದನ್ನೇ ಹೇಳಕ್ಕೆ ಬಂದೆ. ಈಗ ತಾನೆ ಕೂತು ಕಂಪ್ಯೂಟರಲ್ಲಿ ತಿದ್ದಿದೆ. ಬಾವಿ ಪುಸ್ತಕ ಇತಿಹಾಸದ ಸಾಲಲ್ಲಿದೆ. ಬೀದರಲ್ಲಿ ಕೂತು ಕೇಳಿದ್ರೂ ಅದೇ ಬರೋದು. ನಿನ್ನ ಉತ್ತರ."

"ನನ್ ಪೇಪರ್ಗೆ ಏಟ್ ಮಾರ್ಕ್ಸ್ ಆಕುದ್ರಿ ಸಾ?"

ಮೇಷ್ಟರು ರಸ್ತೆಯ ಕಡೆ ನೋಡಿದರು. "ಅದು ಸೀಲಾಗಿ ಹೋಯ್ತಲ್ಲಮ್ಮ. ಅಲ್ಲಿ ಸೊನ್ನೆ."

ಬಸ್ಸು ಬಂದು ನಿಂತಿತು. ಕುಸುಮ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂತಿರುಗಿದಳು.

"ಓಗ್ಲಿ ಬುಡಿ ಸಾ. ಪುಸ್ತಕನಾರೂ ಪಾಸಾಯ್ತಲ್ಲ."