ಬ್ಯಾಲಂಟೈನ್‌ಗೆ ಸುದ್ದಿ ಕೊಟ್ಟವನು

ಬ್ಯಾಲಂಟೈನ್ ಮೈದಾನದಲ್ಲಿ ಮತ್ತೆ ಅದೇ ಆಯಿತು. ಅಮೆರಿಕದ ಕ್ಯಾರಿ ಊರಿನ ಕನ್ನಡಿಗರ ಬೇಸ್‌ಬಾಲ್ ತಂಡದ ಪ್ರತಾಪ್, ಪಿಚರ್ ಚೆಂಡೆಸೆಯುವಷ್ಟರಲ್ಲಿ ಎರಡನೇ ಬೇಸ್ ಕದಿಯಲು ಓಡಿದ್ದೇ ತಡ, ಬ್ಯಾಲಂಟೈನ್‌ನವರ ಚೆಂಡು ಅವನಿಗಿಂತ ಮೊದಲೇ ಅಲ್ಲಿ ಕಾದು ಕೂತಿತ್ತು. ಔಟ್.

ಮ್ಯಾನೇಜರ್ ಯತೀಶ್ ಸ್ಕೋರ್ ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿದ. ಈ ಸೀಸನ್ನಿನಲ್ಲಿ ಬ್ಯಾಲಂಟೈನ್ ಎದುರು ಇದು ಮೂರನೇ ಆಟ, ಮೂರನೇ ಸೋಲು. ಉಳಿದ ಆರು ತಂಡಗಳನ್ನು ಮಣ್ಣು ಮುಕ್ಕಿಸಿದ ಹುಡುಗರು ಇವರ ಮುಂದೆ ಮಾತ್ರ ಬೆಪ್ಪರಾಗುತ್ತಿದ್ದರು. ಚೆಂಡನ್ನು ಮೆಲ್ಲಗೆ ತಟ್ಟಿ ಓಡೋಣವೆಂದರೆ ಅವರ ಫೀಲ್ಡರ್‌ಗಳು ಆಗಲೇ ಮುಂದೆ ಬಂದು ನಿಂತಿರುತ್ತಿದ್ದರು. ನಿಧಾನದ ಚೆಂಡು ಹಾಕಿದರೆ ಅದಕ್ಕೇ ಕಾದಿದ್ದವರಂತೆ ಬೇಲಿಯಾಚೆ ಬಾರಿಸುತ್ತಿದ್ದರು.

ಒಳಗಿನವರು ಯಾರೋ ಸುದ್ದಿ ಕೊಡುತ್ತಿದ್ದಾರೆ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಆ ಮನೆಮುರುಕ ಯಾರು ಅಂತ ನಂಗೊತ್ತು," ಎಂದರು ತ್ಯಾಗರಾಜ ಅಂಕಲ್, ಬೇಲಿಯ ಹಿಂದಿನಿಂದ.

ಅವರು ತಂಡದ ಓನರ್. ಜೆರ್ಸಿ, ಬ್ಯಾಟು, ಮೈದಾನ, ಆಟ ಮುಗಿದ ಮೇಲಿನ ಬಿಸಿಬೇಳೆಬಾತ್, ಎಲ್ಲ ಅವರದೇ. ಹಾಗಾಗಿ ಬಾಯಿಯೂ ಅವರದೇ. ಬೇಸ್‌ಬಾಲ್ ಕಲಿತದ್ದು ಐವತ್ತು ದಾಟಿದ ಮೇಲೆ; ಬೇರೆಯವರಿಗೆ ಕಲಿಸಲು ಶುರು ಮಾಡಿದ್ದು ಅದಕ್ಕೂ ಒಂದು ವಾರ ಮೊದಲು. ಯತೀಶ್ ಹುಡುಗರಿಗೆ ತಿಂಗಳುಗಟ್ಟಲೆ ಸನ್ನೆ ಕಲಿಸಿದ್ದ. ಮೂಗು ಮುಟ್ಟಿದರೆ ಒಂದು ಸೂಚನೆ, ಕಿವಿ ಹಿಂಡಿಕೊಂಡರೆ ಇನ್ನೊಂದು. ಅಂಕಲ್ ಒಂದೇ ದಿನದಲ್ಲಿ ಎಲ್ಲ ನಿಲ್ಲಿಸಿದರು. "ಇದೇನಯ್ಯಾ ಮೂಕಾಭಿನಯ? ದೇವ್ರು ಬಾಯಿ ಕೊಟ್ಟಿಲ್ವಾ?" ಅಂದಿನಿಂದ ಕನ್ನಡದಲ್ಲೇ ಕೂಗಿ ಆಡಿಸುವವರು ಅವರು, ಸೋತಾಗ ಬೈಸಿಕೊಳ್ಳುವವನು ಯತೀಶ್. ಹೆಸರಿಗೆ ಮ್ಯಾನೇಜರ್ ಎಂದು ಬೆನ್ನ ಮೇಲೆ ಬರೆಸಿದ್ದರು, ಅಷ್ಟೇ.

"ಶರಣ್," ಎಂದರು ಅಂಕಲ್. "ಅವನ ಆಫೀಸ್ ಇಲ್ಲಿಗೆ ಶಿಫ್ಟ್ ಆದಾಗಿಂದ ವಾರಕ್ಕೆ ಮೂರು ದಿನ ಬ್ಯಾಲಂಟೈನಲ್ಲೇ ಬಿದ್ದಿರ್ತಾನೆ. ಯಾರ ಜೊತೆ? ಇವರ ಕ್ಯಾಚರ್ ಜೊತೆ. ಒಂದೇ ಅಪಾರ್ಟ್‌ಮೆಂಟು, ಒಂದೇ ಫ್ರಿಜ್ಜು. ಫೈನಲ್‌ಗೆ ಅವನು ಬೇಡ."

"ಅಂಕಲ್, ಅವನು ನಮ್ಮ ಬೆಸ್ಟ್ ಪಿಚರ್."

"ಯಾರಿಗೆ ಬೆಸ್ಟು? ನಮಗೋ, ಅವರಿಗೋ? ಅವನನ್ನ ಡ್ರಾಪ್ ಮಾಡ್ತೀಯೋ, ಇಲ್ಲಾ ನಾನೇ ಬೇರೆ ಮ್ಯಾನೇಜರ್ ನೋಡ್ಲೋ?"

ಒಂಬತ್ತು ವರ್ಷದ ಹಿಂದೆ ಯತೀಶನನ್ನು ಏರ್‌ಪೋರ್ಟಿನಿಂದ ಕರೆತಂದು, ಒಂದು ತಿಂಗಳು ತನ್ನ ಹಾಸಿಗೆ ಬಿಟ್ಟುಕೊಟ್ಟು ತಾನು ಸೋಫಾದಲ್ಲಿ ಮಲಗಿದವನು ಶರಣ್. ಅವನಿಗೆ ಈ ಮಾತು ಹೇಳಬೇಕಾದದ್ದು ಪಾರ್ಕಿಂಗ್ ಲಾಟಿನಲ್ಲಿ, ಬಿಸಿಲಿಗೆ ಕಾದ ಕಾರುಗಳ ನಡುವೆ.

"ಒಂದೇ ಮ್ಯಾಚ್ ಕಣೋ. ಅಂಕಲ್‌ಗೆ ಸಮಾಧಾನ ಆಗ್ಲಿ."

"ಅಂಕಲ್ ವಿಷಯ ಬಿಡು. ನೀನು ನಂಬ್ತೀಯಾ?"

ಯತೀಶ್ ಒಂದು ಕ್ಷಣ ತಡವರಿಸಿದ. ಆ ಒಂದು ಕ್ಷಣ ಸಾಕಾಯಿತು. ಶರಣ್ ಜೆರ್ಸಿ ಬಿಚ್ಚಿ, ಮಡಚಿ, ಯತೀಶನ ಕೈಗಿಟ್ಟ. "ಮುಂದಿನ ವರ್ಷಕ್ಕೂ ಬೇರೆಯವರನ್ನ ನೋಡ್ಕೊ," ಎಂದ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಯತೀಶನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಫೈನಲ್ ಮರುವಾರ, ಅದೇ ಬ್ಯಾಲಂಟೈನ್ ಮೈದಾನದಲ್ಲಿ. ಯತೀಶ್ ಈ ಸಲ ತನ್ನ ಲೆಕ್ಕಾಚಾರವನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜೂ ಹಾಕಿರಲಿಲ್ಲ. ಶರಣ್ ಇನ್ನೂರೈವತ್ತು ಕಿಲೋಮೀಟರ್ ದೂರದ ಕ್ಯಾರಿಯಲ್ಲಿ ಫೋನ್ ಆಫ್ ಮಾಡಿಕೊಂಡು ಕೂತಿದ್ದ.

ಎದುರು ತಂಡದ ಕೋಚ್, ಬಿಳಿ ಗಡ್ಡದ ಅಮೆರಿಕನ್ ಮುದುಕ, ಎಂದಿನಂತೆ ಪ್ರೇಕ್ಷಕರ ಬೇಲಿಗೆ ಹತ್ತಿರದ ಬೆಂಚಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಆಗಾಗ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಯತೀಶನಿಗೆ ಆ ನೆಮ್ಮದಿ ಕಂಡರೇ ಹೊಟ್ಟೆ ಉರಿಯುತ್ತಿತ್ತು.

"ಪ್ರತಾಪಾ, ಮೆತ್ತಗೆ ತಟ್ಟಿ ಓಡು," ಎಂದು ಅಂಕಲ್ ಗಂಟಲು ಹರಿದುಕೊಂಡರು. ಪ್ರತಾಪ್ ತಟ್ಟಿದ. ಫೀಲ್ಡರ್‌ಗಳು ಮೂಗಿನ ಮುಂದೆಯೇ ಇದ್ದರು.

"ಶ್ರೇಯಸ್, ಈಗ ನಿಧಾನದ್ದು ಹಾಕು." ಶರಣ್ ಜಾಗಕ್ಕೆ ಬಂದಿದ್ದ ಶ್ರೇಯಸ್ ಹಾಕಿದ. ಚೆಂಡು ಬೇಲಿ ದಾಟಿ ಯಾರದೋ ಕಾರಿನ ಮೇಲೆ ಬಿತ್ತು.

ಶರಣ್ ಇಲ್ಲ. ಆದರೂ ಅದೇ ಕಥೆ. ಯತೀಶನ ತಾಳ್ಮೆ ಕಿತ್ತುಹೋಯಿತು. ಬೇಲಿಯ ಬಳಿಗೆ ಹೋಗಿ, "ಅಂಕಲ್, ಇದೊಂದು ಇನ್ನಿಂಗ್ಸ್ ನನಗೆ ಬಿಡಿ, ಪ್ಲೀಸ್," ಎಂದ.

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಅಂಕಲ್ ಇಡೀ ಮೈದಾನಕ್ಕೆ ಕೇಳುವಂತೆ ಗುಡುಗಿದರು. "ಸುಮ್ನೆ ಹೇಳಿದ್ದು ಮಾಡು. ಆ ಶರಣ್ ಹೋಗೋ ಮುಂಚೆ ಎಲ್ಲಾ ಹೇಳ್ಕೊಟ್ಟೇ ಹೋಗಿದಾನೆ."

ಆಚೆ ಬೆಂಚಿನ ಮುದುಕನಿಗೆ ಕಡಲೆ ನೆತ್ತಿಗೇರಿ ಕೆಮ್ಮು ಹತ್ತಿತು. ಅವನ ಆಟಗಾರನೊಬ್ಬ ನೀರು ತಂದುಕೊಟ್ಟು ಬೆನ್ನು ಸವರಿದ.

ಒಂಬತ್ತು, ಎರಡು. ಬೇಸ್‌ಬಾಲಿನಲ್ಲಿ ಇದಕ್ಕಿಂತ ಮರ್ಯಾದೆಗೆಟ್ಟ ಸೋಲುಗಳೂ ಇವೆ, ಆದರೆ ಯತೀಶನಿಗೆ ಆಗ ಯಾವುದೂ ನೆನಪಾಗಲಿಲ್ಲ. ಕಪ್ ಕೈತಪ್ಪಿತು. ಅದು ಸಾಲದೆಂಬಂತೆ ಜೇಬಿನಲ್ಲಿ ಫೋನು ನಡುಗಿತು. ಕ್ಯಾರಿಯ ಕನ್ನಡಿಗರೆಲ್ಲ ಇರುವ ಗ್ರೂಪಿಗೆ ಅಂಕಲ್ ಕಾರಿನಲ್ಲಿ ಕೂತೇ ಬರೆದಿದ್ದರು: "ಸೋಲಿಗೆ ಕಾರಣ ಶರಣ್. ದ್ರೋಹಿಯನ್ನು ಯಾರೂ ಮನೆಗೆ ಸೇರಿಸಬೇಡಿ." ಅದರ ಕೆಳಗೆ ಆಗಲೇ ಹನ್ನೆರಡು ಹೆಬ್ಬೆರಳುಗಳು.

ಎರಡೂ ತಂಡದವರು ಸಾಲಾಗಿ ಬಂದು ಕೈ ಕುಲುಕಿದರು. ಕೊನೆಯಲ್ಲಿ ಬಂದ ಮುದುಕ ಕೋಚ್ ಯತೀಶನ ಕೈ ಹಿಡಿದವನು ಬಿಡಲಿಲ್ಲ. ಹತ್ತಿರ ಬಗ್ಗಿ, ಅಪ್ಪಟ ಮೈಸೂರು ಕನ್ನಡದಲ್ಲಿ ಹೇಳಿದ:

"ಯೋಗ ಕಲಿಯೋಕೆ ಅಂತ ಗೋಕುಲಂನಲ್ಲಿ ಹನ್ನೊಂದು ವರ್ಷ ಇದ್ದೆ, ನಿಮ್ಮ ಓನರ್ ಗಂಟಲು ಜೋಪಾನ, ಮುಂದಿನ ವರ್ಷನೂ ಅವರನ್ನೇ ಕರ್ಕೊಂಡು ಬನ್ನಿ."